ಮೂವತ್ತೇಳನೆಯ ಪುಟದ ಮೊಹರು

ನಾನು ಒಂದು ರಬ್ಬರ್ ಮೊಹರು. ನಮ್ಮ ಬಾಗಲಕೋಟೆ ಸೀಮೆಯವರು ಶಿಕ್ಕಾ ಎನ್ನುತ್ತಾರೆ. ಮೊಟ್ಟೆಯಾಕಾರದ ಮುಖ, ಅದರ ಮೇಲೆ 'ಮೇಲಿನಪೇಟೆ ನೇಕಾರರ ವಾಚನಾಲಯ' ಎಂಬ ಅಕ್ಷರಗಳು, ಹಿಡಿಯಲು ಒಂದು ಕಟ್ಟಿಗೆಯ ಹಿಡಿ. ನೋಡಲು ಇಷ್ಟೇ. ಆದರೆ ನನ್ನಂಥವರನ್ನು ಜನ ಯಾಕೆ ಮಾಡಿಸುತ್ತಾರೆ ಎಂದು ಎಂದಾದರೂ ಯೋಚಿಸಿದ್ದೀರಾ? ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ. ಸಂಶಯವೇ ನನ್ನ ತಾಯಿ. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಹುಳಿ ಕಂಡರೆ ತಪ್ಪು ತಿಳಿಯಬೇಡಿ.

ನನ್ನನ್ನು ಮಾಡಿದವರು ಹುಬ್ಬಳ್ಳಿಯ ಒಂದು ಸಂದಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಖಾದರಸಾಬರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿ, ಅಚ್ಚು ತೆಗೆದು, ಬಿಸಿ ರಬ್ಬರನ್ನು ಅದರೊಳಗೆ ಅದುಮಿ ನನಗೆ ಮುಖ ಕೊಟ್ಟರು. ಒಯ್ಯಲು ಬಂದವರು ವಾಚನಾಲಯದ ಮೊದಲ ಗ್ರಂಥಪಾಲಕ ರಾಚಪ್ಪ ಮಾಸ್ತರು. ಅವರು ಕನ್ನಡಕ ಏರಿಸಿ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ರೀ ಸಾಬರ, ಅಕ್ಷರ ಎಲ್ಲಾ ಉಲ್ಟಾ ಆಗ್ಯಾವಲ್ಲ?"

"ಶಿಕ್ಕಾದ ಮಾರಿ ಉಲ್ಟಾನ ಇರಬೇಕ್ರಿ ಮಾಸ್ತರ. ಕಾಗದಕ್ಕ ಒತ್ತಿದ್ರ ಸೀದಾ ಆಗ್ತೈತಿ."

ಮಾಸ್ತರು ನಂಬಲಿಲ್ಲ. ಅಂಗಡಿಯಲ್ಲಿಯೇ ಆರು ಸಲ ಒತ್ತಿಸಿ, ಆರೂ ಸಲ ಓದಿ, ಆಮೇಲೆ ನನ್ನನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಕಿಸೆಗೆ ಹಾಕಿಕೊಂಡರು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಕಿಸೆಯ ಮೇಲಿನ ಕೈ ತೆಗೆಯಲಿಲ್ಲ. ಅಂಥವರ ಎದೆಗೆ ಅಂಟಿಕೊಂಡು ಬಂದವನು ನಾನು. ಗುಣ ಬೇರೆ ಹೇಗೆ ಬಂದೀತು?

ವಾಚನಾಲಯಗಳಲ್ಲಿ ಒಂದು ಪದ್ಧತಿ ಉಂಟು. ಹೊಸ ಪುಸ್ತಕ ಬಂದರೆ ಮೊದಲ ಹಾಳೆಯ ಮೇಲೆ ಮೊಹರು ಒತ್ತುತ್ತಾರೆ. ಅದು ಓದುಗನಿಗೂ ಕಾಣುತ್ತದೆ, ಕಳ್ಳನಿಗೂ ಕಾಣುತ್ತದೆ. ಕಳ್ಳ ಆ ಹಾಳೆಯನ್ನು ಹರಿದು ಎಸೆದರೆ ಮುಗಿಯಿತು, ಪುಸ್ತಕ ಯಾರದೆಂದು ಹೇಳುವವರಿಲ್ಲ. ಅದಕ್ಕೇ ಒಳಗೆಲ್ಲೋ ಇನ್ನೊಂದು ಪುಟ ಗೊತ್ತು ಮಾಡಿಕೊಂಡು, ಎಲ್ಲ ಪುಸ್ತಕಗಳಲ್ಲೂ ಅದೇ ಪುಟದ ಮೇಲೆ ಇನ್ನೊಂದು ಸಲ ಒತ್ತುತ್ತಾರೆ. ಅದಕ್ಕೆ ಗುಪ್ತ ಪುಟ ಎಂದು ಹೆಸರು. ನಮ್ಮ ವಾಚನಾಲಯದ ಗುಪ್ತ ಪುಟ ಮೂವತ್ತೇಳು. ರಾಚಪ್ಪ ಮಾಸ್ತರು ಇದನ್ನು ಸಾಯುವವರೆಗೂ ಹೆಂಡತಿಗೆ ಸಹ ಹೇಳಲಿಲ್ಲ. ಕೊನೆಗಾಲದಲ್ಲಿ ಹಾಸಿಗೆಯ ಪಕ್ಕಕ್ಕೆ ತಮ್ಮ ಉತ್ತರಾಧಿಕಾರಿಯನ್ನು ಕರೆದು, ಮನೆಮಂದಿಯನ್ನೆಲ್ಲ ಹೊರಗೆ ಕಳಿಸಿ, ಕಿವಿಯಲ್ಲಿ 'ಮೂವತ್ತೇಳು' ಎಂದರು. ಹೊರಗೆ ನಿಂತ ಮಕ್ಕಳು ಅಪ್ಪ ಹುಗಿದಿಟ್ಟ ಬಂಗಾರದ ಸುದ್ದಿ ಹೇಳುತ್ತಿದ್ದಾನೆ ಎಂದುಕೊಂಡು ಆಮೇಲೆ ಹಿತ್ತಲನ್ನೆಲ್ಲ ಅಗೆದರಂತೆ.

ಹೀಗೆ ನಾನು ಎರಡನೆಯ ಯಜಮಾನರ ಕೈಗೆ ಬಂದೆ. ಅವರೇ ನೀಲಕಂಠಪ್ಪ ತೊಗರಿ. ಕೆಟ್ಟವರಲ್ಲ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬರುವರು, ಪತ್ರಿಕೆಗಳನ್ನು ಹೊಂದಿಸುವರು, ಮೇಜಿನ ಮೇಲೆ ಒಂದು ಚೂರು ಧೂಳಿದ್ದರೂ ಸಹಿಸರು. ಆದರೆ ಗುಪ್ತ ಪುಟಕ್ಕೆ ನನ್ನನ್ನು ಒತ್ತುವಾಗ ಮಾತ್ರ ಗೋಡೆಯ ಕಡೆ ತಿರುಗಿ ಕೂರುವರು, ಸಣ್ಣ ಮಕ್ಕಳು ಪೆಪ್ಪರಮೆಂಟು ಮುಚ್ಚಿಟ್ಟುಕೊಳ್ಳುವ ಹಾಗೆ.

ಅವರು ಹಾಗೆ ತಿರುಗಿ ಕೂರುತ್ತಿದ್ದದ್ದು ಮುಖ್ಯವಾಗಿ ಕಸ್ತೂರಿಗೆ ಕಾಣಬಾರದೆಂದು. ಕಸ್ತೂರಿ ಬಾರಕೇರ ವಾಚನಾಲಯದ ಬಾಗಿಲು ತೆಗೆಯುವವಳು, ಕಸ ಹೊಡೆಯುವವಳು, ಪುಸ್ತಕದ ಧೂಳು ಒರೆಸುವವಳು. ಪಿಯುಸಿ ಪಾಸಾದ ಮೂವತ್ತನಾಲ್ಕು ವರ್ಷದ ಹೆಂಗಸು. ಗಂಡ ವಿದ್ಯುತ್ ಮಗ್ಗದಲ್ಲಿ ಕೆಲಸ ಮಾಡುತ್ತಾನೆ. ಇಲ್ಲಿಗೆ ಬಂದು ಆಗ ಹನ್ನೊಂದು ವರ್ಷ. ಹನ್ನೊಂದು ವರ್ಷ ಪುಸ್ತಕ ಕೊಡವಿದವಳಿಗೆ ಮೂವತ್ತೇಳನೆಯ ಪುಟ ಗೊತ್ತಾಗದೆ ಇರುತ್ತದೆಯೇ? ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು. ನನ್ನ ಮೊದಲ ಸಂಶಯ ಹುಟ್ಟಿದ್ದೇ ಅಲ್ಲಿ. ಗೊತ್ತಿದ್ದೂ ಸುಮ್ಮನಿರುವವರು ಅಪಾಯದವರು.

ಈಗ ದಡಿ ಪುಸ್ತಕದ ವಿಷಯ ಹೇಳಬೇಕು. ಸೀರೆಯ ಅಂಚಿಗೆ ನಮ್ಮ ಕಡೆ ದಡಿ ಎನ್ನುತ್ತಾರೆ. ಹಿಂದಿನ ಕಾಲದ ನೇಕಾರರ ಸಂಘದವರು ಊರಿನ ಹಳೆಯ ದಡಿಗಳನ್ನೆಲ್ಲ ಎಳೆ ಎಣಿಸಿ ಬರೆಸಿ, ಬಣ್ಣ ಹಾಕಿಸಿ ಒಂದು ದೊಡ್ಡ ಪುಸ್ತಕ ಮಾಡಿಸಿದ್ದರು. ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ಅಗಲ. ಕಪಾಟಿನಲ್ಲಿ ನಿಲ್ಲದ್ದರಿಂದ ಎರಡನೆಯ ಕಪಾಟಿನ ಕೆಳಗಿನ ಸಾಲಿನಲ್ಲಿ ಮಲಗಿಸಿ ಇಟ್ಟಿದ್ದರು. ಬೇರೆ ಪ್ರತಿ ಎಲ್ಲಿಯೂ ಇಲ್ಲ. ಹಳೆಯ ನೇಕಾರರು ಬಂದು ಅದರ ಮುಂದೆ ಕುಳಿತು, ಎಳೆ ಎಣಿಸಿ, ಬೆರಳಿನಿಂದ ಗಾಳಿಯಲ್ಲಿ ನೇಯ್ದು ಹೋಗುತ್ತಿದ್ದರು. ಬರಬರುತ್ತ ಅಂಥವರು ಕಡಿಮೆಯಾಗಿ, ಅದನ್ನು ಕೇಳುವವರೇ ಇಲ್ಲವಾದರು.

ಒಂದು ವರ್ಷ ಪುಸ್ತಕಗಳ ತಪಾಸಣೆ ನಡೆದಾಗ ಆ ಪುಸ್ತಕ ಇರಲಿಲ್ಲ.

ಎಲ್ಲ ಕಪಾಟು ಹುಡುಕಿದರು. ರಿಜಿಸ್ಟರಿನಲ್ಲಿ ಯಾರಿಗೂ ಕೊಟ್ಟಿದ್ದಿಲ್ಲ. ನೀಲಕಂಠಪ್ಪನವರು ಸಮಿತಿಯ ಅಧ್ಯಕ್ಷರ ಮುಂದೆ ನಿಂತು ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ನಾ ಯಾರ ಹೆಸರೂ ಹೇಳೂದಿಲ್ರಿ. ಬಾಗಲಾ ತಗಿಯೋರು ಇಬ್ಬರ ಅದೀವಿ. ನಾ ಅಂತೂ ತಗೊಂಡಿಲ್ಲ."

ಹೆಸರು ಹೇಳದೆ ಹೆಸರು ಹೇಳುವುದು ಎಂದರೆ ಇದೇ. ಅಂದಿನಿಂದ ಕಸ್ತೂರಿಯ ಬೆನ್ನ ಹಿಂದೆ ಊರು ಮಾತಾಡತೊಡಗಿತು. ಓದಲು ಬಂದವರು ಅವಳು ಪಕ್ಕದಲ್ಲಿ ಕಸ ಹೊಡೆಯುವಾಗ ತಮ್ಮ ಚೀಲವನ್ನು ಕಾಲ ಹತ್ತಿರ ಎಳೆದುಕೊಳ್ಳತೊಡಗಿದರು. ನಾನೂ ಒಳ್ಳೆಯವನೇನಲ್ಲ. ನಾನೂ ನೀಲಕಂಠಪ್ಪನವರ ಪಕ್ಷವೇ ಆದೆ.

ಅಷ್ಟರಲ್ಲಿ ವಾಚನಾಲಯಕ್ಕೆ ಒಂದು ಕಾಯಂ ಹುದ್ದೆ ಬಂತು: ಗ್ರಂಥಾಲಯ ತಾಂತ್ರಿಕ ಸಹಾಯಕ. ಪುಸ್ತಕಗಳನ್ನು ವರ್ಗ ಮಾಡಿ, ಸಂಖ್ಯೆ ಕೊಟ್ಟು, ಕಂಪ್ಯೂಟರಿಗೆ ಏರಿಸಿ, ಕಪಾಟಿನಲ್ಲಿ ಹೊಂದಿಸುವ ಕೆಲಸ. ಅದಕ್ಕೆ ತರಬೇತಿಯ ಸರ್ಟಿಫಿಕೇಟು ಬೇಕು. ಅದಿಲ್ಲದಿದ್ದರೆ ಹೊರಗಿನವರು ಬರುತ್ತಾರೆ, ಕಸ್ತೂರಿಯ ಕೆಲಸವೂ ಅವರಿಗೇ ಹೋಗುತ್ತದೆ. ಹತ್ತು ತಿಂಗಳ ಆನ್‌ಲೈನ್ ಕೋರ್ಸ್ ಒಂದಿದೆ ಎಂದು ಕಸ್ತೂರಿ ಹೇಗೋ ಪತ್ತೆ ಮಾಡಿದಳು. ಅಧ್ಯಕ್ಷರ ಬಳಿ ಹೋಗಿ ಕೇಳಿದಳು.

"ಸರ್ಟಿಫಿಕೇಟು ತಗೊಂಡ ಬಾರವಾ, ನೌಕರಿ ನಿಂದ. ಆದ್ರ ದಡಿ ಪುಸ್ತಕದ್ದು ಒಂದು ಇತ್ಯರ್ಥ ಆಗಬೇಕು ನೋಡು. ಕಳ್ಳತನದ ಮಾತಿದ್ದವರನ್ನ ಕಾಯಂ ಮಾಡಾಕ ಬರೂದಿಲ್ಲ," ಎಂದರು ಅಧ್ಯಕ್ಷರು.

ಅಂದರೆ ಪರೀಕ್ಷೆ ಒಂದಲ್ಲ, ಎರಡು. ಒಂದಕ್ಕೆ ಓದಬಹುದು. ಇನ್ನೊಂದಕ್ಕೆ ಏನು ಓದುವುದು?

ನೀಲಕಂಠಪ್ಪನವರಿಗೆ ಆನ್‌ಲೈನ್ ಎಂಬ ಮಾತು ಕೇಳಿದರೇ ನಗು. "ಮನ್ಯಾಗ ಕುಂತು ಈಜು ಕಲತಾಂಗ ಆತು. ಪುಸ್ತಕದ ವಾಸನಿ ಬರೂದಿಲ್ಲ, ಧೂಳ ಹತ್ತೂದಿಲ್ಲ, ಗ್ರಂಥಪಾಲಕಿ ಆಗ್ತಾಳಂತ!" ಎಂದು ಪತ್ರಿಕೆ ಓದುವವರಿಗೆಲ್ಲ ಹೇಳಿದರು. ಆದರೂ ಯಾರೋ ದಾನ ಕೊಟ್ಟು ಐದು ವರ್ಷದಿಂದ ಪ್ಲಾಸ್ಟಿಕ್ ಹೊದ್ದು ಕುಳಿತಿದ್ದ ಕಂಪ್ಯೂಟರನ್ನು ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯವರೆಗೆ ಬಳಸಲು ಒಪ್ಪಿದರು. ಒಪ್ಪಿದ್ದು ಔದಾರ್ಯದಿಂದಲೋ, ಕಣ್ಣಳತೆಯಲ್ಲಿ ಇರಲಿ ಎಂದೋ ನಾನು ಹೇಳಲಾರೆ.

ಕಂಪ್ಯೂಟರಿನ ಹಿಂದೆ, ಮೇಜಿನ ಮೂಲೆಯಲ್ಲಿ, ಶಾಯಿಯ ಪ್ಯಾಡಿನ ಪಕ್ಕ ನನ್ನ ಜಾಗ. ಪರದೆಯ ಬೆನ್ನು ನನ್ನ ಕಡೆಗೆ. ಆದರೆ ಕಸ್ತೂರಿ ಕೂರುವ ಕುರ್ಚಿಯ ಹಿಂದೆ ಗಾಜಿನ ಬಾಗಿಲಿನ ಕಪಾಟು ಇತ್ತು. ಪರದೆಯ ಮೇಲೆ ಬರುವುದೆಲ್ಲ ಆ ಗಾಜಿನಲ್ಲಿ ನನಗೆ ಉಲ್ಟಾ ಕಾಣುತ್ತಿತ್ತು. ಉಲ್ಟಾ ಓದುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ. ಹಾಗಾಗಿ ಆ ಕೋರ್ಸನ್ನು ನಾನೂ ಪುಕ್ಕಟೆ ಮಾಡಿದೆ ಎನ್ನಿ.

ಪಾಠ ಮಾಡುತ್ತಿದ್ದವರು ಮೈಸೂರಿನ ಲಲಿತಾಂಬ ಮೇಡಂ. ದೊಡ್ಡ ಗ್ರಂಥಾಲಯವೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಬಿಳಿ ಕೂದಲು, ನಿಧಾನದ ಮಾತು, ಹಿಂದೆ ಗೋಡೆ ತುಂಬ ಪುಸ್ತಕ. ಕಸ್ತೂರಿಗೆ ಅವರೆಂದರೆ ಜೀವ. ಅವರು ಏನೇ ಕೇಳಿದರೂ ಮೈಕು ಆಫ್ ಇದ್ದಾಗ ಕೂಡ "ಹೌದ್ರಿ ಮೇಡಂ" ಎಂದು ತಲೆಯಾಡಿಸುವಳು.

ಆ ಹತ್ತು ತಿಂಗಳು ನಾನು ಅವಳನ್ನು ಕಣ್ಣು ಮಿಟುಕಿಸದೆ ಕಾದೆ. ನೋಡಿದ್ದೆಲ್ಲ ಸಂಶಯಕ್ಕೆ ಗೊಬ್ಬರವೇ ಆಯಿತು. ಕಸ ಹೊಡೆಯುವಾಗ ಏನೋ ಅಂಕಿಗಳನ್ನು ಗೊಣಗುವಳು. ಕಪಾಟಿನ ಒಂದು ಸಾಲಿನ ಪುಸ್ತಕವನ್ನೆಲ್ಲ ನೆಲಕ್ಕಿಳಿಸಿ, ಮತ್ತೆ ಬೇರೆ ಕ್ರಮದಲ್ಲಿ ಏರಿಸಿ, ಗಡಿಯಾರ ನೋಡುವಳು. ಚೀಲದಲ್ಲಿ ಬುತ್ತಿಯ ಡಬ್ಬಿಯ ಕೆಳಗೆ ಪತ್ರಿಕೆ ಹೊದಿಸಿದ ಏನನ್ನೋ ಇಟ್ಟುಕೊಂಡು ಮನೆಗೆ ಹೋಗುವಳು. ಒಂದು ದಿನವಂತೂ ನೀಲಕಂಠಪ್ಪನವರು ಬರುವ ಮೊದಲು ನನ್ನನ್ನೇ ಎತ್ತಿಕೊಂಡು ಹಳೆಯ ಪತ್ರಿಕೆಯ ಮೇಲೆ ನಲವತ್ತು ಸಲ ಒತ್ತಿದಳು! ಖೊಟ್ಟಿ ದಾಖಲೆ ಮಾಡುವ ತಯಾರಿ ಎಂದು ನಾನು ಖಾತ್ರಿ ಮಾಡಿಕೊಂಡೆ.

ಆಮೇಲೆ ತಿಳಿಯಿತು. ಅಂಕಿಗಳು ವರ್ಗೀಕರಣದ ಸಂಖ್ಯೆಗಳು. ಪುಸ್ತಕ ಇಳಿಸಿ ಏರಿಸಿದ್ದು ಸಾಲು ಹೊಂದಿಸುವ ಅಭ್ಯಾಸ. ಬುತ್ತಿಯ ಕೆಳಗಿದ್ದದ್ದು ಅವಳೇ ಬರೆದುಕೊಂಡ ಪಾಠದ ಟಿಪ್ಪಣಿ. ನಲವತ್ತು ಸಲ ಒತ್ತಿದ್ದು ಅಕ್ಷರ ಹರಡದ ಹಾಗೆ ಒತ್ತಲು ಕಲಿಯುವುದಕ್ಕೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ನನ್ನಂಥವರಿಗೇ ಇರಬೇಕು.

ಒಂಬತ್ತನೆಯ ತಿಂಗಳಿನ ಒಂದು ಶನಿವಾರ ಮೇಡಂ ದೊಡ್ಡ ಗಾತ್ರದ ಪುಸ್ತಕಗಳ ಬಗ್ಗೆ ಪಾಠ ಮಾಡಿದರು.

"ಈ ಥರದ ದೊಡ್ಡ ಪುಸ್ತಕಾನ ನಿಲ್ಲಿಸಿ ಇಡಬಾರದು, ಬೆನ್ನು ಮುರಿಯುತ್ತೆ. ಮಲಗಿಸಿಡಬೇಕು. ಎಲ್ಲರೂ ಏನು ಮಾಡ್ತಾರೆ ಅಂದ್ರೆ, ಕೆಳಗಿನ ಸಾಲಲ್ಲಿ ಇಟ್ಟುಬಿಡ್ತಾರೆ. ಅಲ್ಲೇ ಹರಿದಿರೋದು, ರದ್ದಿಗೆ ಹಾಕೋದು ಎಲ್ಲಾ ಸೇರ್ಕೊಂಡಿರುತ್ತೆ. ಅದು ತಪ್ಪು. ಇವಕ್ಕೆ ಬೇರೆ ಜಾಗ ಮಾಡಿ. ನೋಡಿ, ನನ್ನ ಹತ್ರ ಒಂದಿದೆ," ಎಂದು ಪಕ್ಕದಿಂದ ಒಂದು ಪುಸ್ತಕ ಎತ್ತಿ ಕ್ಯಾಮೆರಾದ ಮುಂದೆ ಹಿಡಿದು ಹಾಳೆಗಳನ್ನು ಮಗುಚತೊಡಗಿದರು.

ಕೆಂಪು, ಹಸಿರು, ಹಳದಿ ದಡಿಗಳು. ಒಂದು ಹಾಳೆಯ ಮೂಲೆಯಲ್ಲಿ ನೀಲಿಯ ಮೊಟ್ಟೆಯಾಕಾರದ ಗುರುತು. ಗಾಜಿನಲ್ಲಿ ಉಲ್ಟಾ ಬಿದ್ದ ಆ ಗುರುತನ್ನು ನೋಡಿ ನಾನು ಬೆಚ್ಚಿದೆ. ಅದು ನನ್ನದೇ ಮುಖ. ಕಾಗದದ ಮೇಲಿನ ಸೀದಾ ಗುರುತು ಎಷ್ಟೋ ನೋಡಿದ್ದೆ, ಆದರೆ ಖಾದರಸಾಬರ ಅಂಗಡಿಯಲ್ಲಿ ಹುಟ್ಟಿದ ದಿನದಿಂದ ನನ್ನ ಉಲ್ಟಾ ಮುಖವನ್ನು ನಾನು ನೋಡಿರಲಿಲ್ಲ. ಮೊದಲ ಸಲ ನೋಡಿದ್ದು ಮೈಸೂರಿನ ಒಬ್ಬರ ಮನೆಯಲ್ಲಿ, ನಮ್ಮ ಕಳೆದುಹೋದ ಪುಸ್ತಕದ ಮೂವತ್ತೇಳನೆಯ ಪುಟದಲ್ಲಿ.

ಮೇಡಂ ಆ ಹಾಳೆಯ ಮೇಲೆ ನಿಲ್ಲಲಿಲ್ಲ, ಬೇಗ ಮಗುಚಿದರು. ಮೊದಲ ಹಾಳೆಯೂ ಪುಸ್ತಕದಲ್ಲಿ ಇರಲಿಲ್ಲ. ಆಹಾ, ಕಳ್ಳಿ ಸಿಕ್ಕಳು ಎಂದುಕೊಂಡೆ. ಬಿಳಿ ಕೂದಲು, ನಿಧಾನದ ಮಾತು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ!

ಕಸ್ತೂರಿಯೂ ನೋಡಿದ್ದಳು. ಅವಳ ಕೈಯಲ್ಲಿದ್ದ ಪೆನ್ನು ನಿಂತಿತು. ಪಾಠ ಮುಗಿದು ಪರದೆ ಕಪ್ಪಾದ ಮೇಲೂ ಅಲ್ಲಿಯೇ ಕುಳಿತಿದ್ದಳು. ನೀಲಕಂಠಪ್ಪನವರು ಬಂದು "ಏನವಾ, ಕ್ಲಾಸ್ ಮುಗದಿಲ್ಲೇನು?" ಎಂದಾಗ ಕಸಬರಿಗೆ ತೆಗೆದುಕೊಂಡು ಎದ್ದಳು.

ಆಮೇಲಿನ ವಾರ ನನಗೆ ನಿದ್ದೆ ಇಲ್ಲ. ಇವಳು ಯಾಕೆ ಬಾಯಿ ಬಿಡುತ್ತಿಲ್ಲ? ಹೇಳಿದರೆ ಇವಳ ಮೇಲಿನ ಮಾತು ಅಂದೇ ಹೋಗುತ್ತದೆ. ಆದರೆ ಹೇಳುವುದು ಯಾರ ಮೇಲೆ? ಪರೀಕ್ಷೆಯಲ್ಲಿ ಅಂಕ ಕೊಡುವವರೇ ಆ ಮೇಡಂ. ಅವರನ್ನು ಕಳ್ಳಿ ಎಂದು ಕರೆದರೆ ಸರ್ಟಿಫಿಕೇಟು ಎಲ್ಲಿಂದ ಬರಬೇಕು? ಹೇಳದಿದ್ದರೆ ಸರ್ಟಿಫಿಕೇಟು ಬಂದರೂ ನೌಕರಿ ಇಲ್ಲ. ಅತ್ತ ದರಿ, ಇತ್ತ ಪುಲಿ. ಬಡವಿಯ ಸ್ಥಿತಿಗೆ ನನ್ನ ರಬ್ಬರಿನ ಎದೆಯೂ ಮಿಡಿಯಿತು ಎಂದರೆ ನಂಬುತ್ತೀರಾ?

ಕಸ್ತೂರಿ ಮಾತಾಡಲಿಲ್ಲ, ಹುಡುಕಿದಳು. ಕಲಿತದ್ದು ಅದನ್ನೇ ತಾನೆ. ಬೀರುವಿನಿಂದ ಹಳೆಯ ಕಡತಗಳನ್ನು ತೆಗೆದಳು. ನಾಲ್ಕು ವರ್ಷದ ಹಿಂದೆ ಹರಿದ ಪುಸ್ತಕಗಳನ್ನು ರದ್ದಿಗೆ ಹಾಕಿದ ಪಟ್ಟಿ ಸಿಕ್ಕಿತು. ಪಟ್ಟಿಯಲ್ಲಿ ದಡಿ ಪುಸ್ತಕದ ಹೆಸರಿರಲಿಲ್ಲ. ಅವಳು ಪಟ್ಟಿಯಲ್ಲಿದ್ದ ಪುಸ್ತಕಗಳ ಜಾಗ ನೋಡಿದಳು. ಎಲ್ಲವೂ ಎರಡನೆಯ ಕಪಾಟಿನ ಕೆಳಗಿನ ಸಾಲು, ಆಮೇಲೆ ಹಳೆಯ ಪತ್ರಿಕೆಗಳ ಕಟ್ಟು ತುಂಬಿದ ಸಾಲು. ಆಮೇಲೆ ನನ್ನ ಪಕ್ಕದ ಡ್ರಾದಲ್ಲಿ ಮಲಗಿದ್ದ ನನ್ನ ತಮ್ಮನನ್ನು, ಅಂದರೆ 'ರದ್ದು' ಎಂಬ ಅಕ್ಷರವಿದ್ದ ಮೊಹರನ್ನು, ಎತ್ತಿ ಬೆಳಕಿಗೆ ಹಿಡಿದಳು. ಅವನ ಮುಖಕ್ಕೆ ಶಾಯಿ ಸೋಕಿ ಎಷ್ಟೋ ವರ್ಷವಾಗಿತ್ತು. ಕೆಂಪು ಪ್ಯಾಡು ಬಿರುಕು ಬಿಟ್ಟ ಕೆರೆಯಾಗಿತ್ತು.

ಆಗ ನನಗೂ ನೆನಪಾಯಿತು. ರದ್ದಿಯವನು ಬಂದ ದಿನ ಕಸ್ತೂರಿ ರಜೆಯಲ್ಲಿದ್ದಳು, ತವರಿನಲ್ಲಿ ಮದುವೆ. ನಾನು ಡ್ರಾದೊಳಗೆ ಇದ್ದೆ, ಕೇಳಿದ್ದು ಮಾತ್ರ. "ಪ್ಯಾಡ್ ಒಣಗೈತಿ, ಇನ್ನ ಒಂದೊಂದ ಪುಸ್ತಕ ತಗದು ಯಾರ ಒತ್ಕೊಂತ ಕುಂದ್ರತಾರ? ಕೆಳಗಿನ ಸಾಲು ಪೂರ್ತಿ ಹೇರಿಕೋ," ಎಂದಿದ್ದರು ನೀಲಕಂಠಪ್ಪ. ನಾನು ಅದನ್ನು ಕೇಳಿಯೂ ಎಲ್ಲರನ್ನೂ ಸಂಶಯಿಸಿದೆ, ಅವರೊಬ್ಬರನ್ನು ಬಿಟ್ಟು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ಪರೀಕ್ಷೆಯ ದಿನ ಬಂತು. ಮೌಖಿಕ ಪರೀಕ್ಷೆಯಲ್ಲಿ ಅಭ್ಯರ್ಥಿಯ ಪಕ್ಕ ಒಬ್ಬ ಜವಾಬ್ದಾರಿಯ ಸಾಕ್ಷಿ ಕೂತು, ನಕಲು ನಡೆದಿಲ್ಲ ಎಂದು ಸಹಿ ಹಾಕಬೇಕೆಂಬ ನಿಯಮವಿತ್ತು. ನೀಲಕಂಠಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಾಕ್ಷಿಯಾಗಿ ಕುರ್ಚಿ ಎಳೆದುಕೊಂಡು ಕೂತರು. ಕಸ್ತೂರಿ ಹೊಸ ಪುಸ್ತಕವೊಂದಕ್ಕೆ ಸಂಖ್ಯೆ ಕೊಟ್ಟು, ಚೀಟಿ ಅಂಟಿಸಿ, ನನ್ನನ್ನು ಒತ್ತಿ ತೋರಿಸಿದಳು. ಅಕ್ಷರ ಒಂದೂ ಹರಡಲಿಲ್ಲ. ಮೇಡಂ ನಕ್ಕರು. ಆಮೇಲೆ ಕೇಳಿದರು.

"ಪುಸ್ತಕ ರದ್ದು ಮಾಡೋ ಕ್ರಮ ಹೇಳಿ ಕಸ್ತೂರಿ."

"ಮೊದಲ ಪಟ್ಟಿ ಮಾಡಬೇಕ್ರಿ. ಸಮಿತಿ ಒಪ್ಪಿಗಿ ತಗೋಬೇಕ್ರಿ. ರಿಜಿಸ್ಟರಿನ್ಯಾಗ ಕೆಂಪು ಶಾಯಿಲೆ ಬರೀಬೇಕ್ರಿ. ಆಮ್ಯಾಲ ಒಂದೊಂದ ಪುಸ್ತಕ ಕೈಯಾಗ ಹಿಡದು, ಗುಪ್ತ ಪುಟ ತಗದು, ಶಿಕ್ಕಾದ ಮ್ಯಾಲ ರದ್ದು ಅಂತ ಒತ್ತಬೇಕ್ರಿ."

"ಅಷ್ಟೊಂದು ಪುಸ್ತಕ ಇರುತ್ತೆ. ಒಂದೊಂದೇ ಯಾಕೆ ತೆಗೀಬೇಕು?"

ಕಸ್ತೂರಿ ಮೇಜಿನ ಮೇಲೆ ತಂದಿಟ್ಟುಕೊಂಡಿದ್ದ ರದ್ದಿಯ ಕಡತದ ಕಡೆ ನೋಡಿದಳು. ಅವಳ ಬೆರಳು ನನ್ನ ಹಿಡಿಯ ಮೇಲೇ ಇತ್ತು. ಪುಸ್ತಕದಲ್ಲಿದ್ದ ಉತ್ತರ ಹೇಳಿ ಪಾರಾಗಬಹುದಿತ್ತು. ಹೇಳಲಿ, ಹೇಳಿ ಪಾಸಾಗಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ತಗೀಲಿಲ್ಲಂದ್ರ ಹೋಗಬಾರದ್ದು ಹೋಗ್ತೈತ್ರಿ," ಎಂದಳು. ಒಂದು ಉಸಿರು ಎಳೆದುಕೊಂಡು ಮುಂದುವರಿಸಿದಳು. "ಮೇಡಂ, ಸಿಟ್ಟಾಗಬ್ಯಾಡ್ರಿ. ನಿಮ್ಮ ಹತ್ರ ಇರೋ ದಡಿ ಪುಸ್ತಕದಾಗ ಮೂವತ್ತೇಳನೇ ಪುಟ ತಗದು ತೋರಸ್ರಿ."

ನೀಲಕಂಠಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. ಗುಪ್ತ ಪುಟವನ್ನು ಬಹಿರಂಗವಾಗಿ ಹೇಳಿದ್ದಕ್ಕೋ, ದಡಿ ಪುಸ್ತಕ ಎಂಬ ಮಾತಿಗೋ ಅವರಿಗೇ ಗೊತ್ತಿರಲಿಲ್ಲ.

ಪರದೆಯ ಆ ಕಡೆ ಮೇಡಂ ಎದ್ದು ಹೋಗಿ ಪುಸ್ತಕ ತಂದರು. ಪುಟ ತೆರೆದು ಕ್ಯಾಮೆರಾಕ್ಕೆ ಹಿಡಿದರು.

"ಇದು ನಿಮ್ಮ ವಾಚನಾಲಯದ್ದಾ? ನನಗೆ ಅದು ಹೊಳೀಲೇ ಇಲ್ಲಮ್ಮ. ನಿಮ್ಮ ಅರ್ಜಿಯಲ್ಲಿ ಊರಿನ ಹೆಸರು ಮಾತ್ರ ಇತ್ತು, ಮೊಹರಲ್ಲಿ ಅದಿಲ್ಲ. ಈಗ ನೀವು ಒತ್ತಿ ತೋರಿಸಿದಾಗಲೂ ಅಕ್ಷರ ಹರಡಿದ್ಯಾ ಅಂತಷ್ಟೇ ನೋಡ್ದೆ. ಎರಡು ವರ್ಷದ ಹಿಂದೆ ಫುಟ್‌ಪಾತಿನಲ್ಲಿ ಕೊಂಡ್ಕೊಂಡೆ. ಮೊದಲನೇ ಹಾಳೆ ಆಗಲೇ ಇರಲಿಲ್ಲ. ಮನೆಗೆ ಬಂದು ಈ ಮೊಹರು ನೋಡ್ದೆ. ರದ್ದು ಅಂತ ಇರಲಿಲ್ಲ. ಇದು ಯಾರದೋ ಕಳೆದುಹೋಗಿರೋದು ಅಂತ ನನಗೆ ಗೊತ್ತಾಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ವಿಚಾರಿಸಿ ಒಂದು ಕಾಗದ ಬರೀಬೇಕಿತ್ತು. ತುಂಬಾ ಚೆನ್ನಾಗಿತ್ತು ಪುಸ್ತಕ. ಬರೀಲಿಲ್ಲ."

"ಫುಟ್‌ಪಾತಿಗೆ ಹ್ಯಾಂಗ ಬಂತ್ರಿ ಅದು? ಯಾರೋ ಕದ್ದು ಮಾರಿದ್ರ ತಾನ ಬರೂದು?" ಎಂದು ನೀಲಕಂಠಪ್ಪ ಗುಡುಗಿದರು. ಮಾತು ಪರದೆಗೆ, ಕಣ್ಣು ಮಾತ್ರ ಕಸ್ತೂರಿಯ ಕಡೆಗೆ.

ಕಸ್ತೂರಿ ಮೇಜಿನ ಮೇಲಿದ್ದ ಕಡತವನ್ನು ಅವರ ಮುಂದೆ ಸರಿಸಿದಳು. ದನಿ ಏರಿಸಲಿಲ್ಲ.

"ಯಾರೂ ಕದ್ದಿಲ್ರಿ ಸರ. ಕೆಳಗಿನ ಸಾಲಿನ ಜೋಡಿ ರದ್ದಿಗೆ ಹೋಗೈತಿ. ನಾ ಅವತ್ತ ಇದ್ದಿಲ್ಲ. ನೀವ ಕೊಟ್ಟ ಕಳಿಸೀರಿ. ಒಂದೊಂದ ತಗದು ರದ್ದು ಒತ್ತಿದ್ರ ಕೈಗೆ ಸಿಗತಿತ್ತರಿ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಕಸ್ತೂರಿ, ಇನ್ನು ನಿಮ್ಮ ಪರೀಕ್ಷೆ ನಾನು ಮಾಡೋ ಹಾಗಿಲ್ಲ. ನಾನೇ ಇದರಲ್ಲಿ ಸೇರಿಕೊಂಡಿದ್ದೀನಿ. ಬೇರೆಯವರನ್ನ ನೇಮಿಸಿ ಅಂತ ಬರೀತೀನಿ. ಎಲ್ಲಾ ಮತ್ತೆ ಮೊದಲಿಂದ," ಎಂದರು. ಪರದೆ ಕಪ್ಪಾಯಿತು.

ಕಸ್ತೂರಿ ಹೆದರಿದಳು. ನಾನು ನೋಡಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ನೀಲಕಂಠಪ್ಪನವರು ಸಾಕ್ಷಿಯ ಹಾಳೆಗೆ ಸಹಿ ಹಾಕದೆ ಎದ್ದು ಹೋದರು.

ಮೂರು ದಿನ ಅವರು ಅವಳ ಜೊತೆ ಮಾತಾಡಲಿಲ್ಲ. ಅವರ ನಿವೃತ್ತಿಗೆ ಎರಡೇ ತಿಂಗಳಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವರು ಕಡತವನ್ನು ಹರಿದು ಒಲೆಗೆ ಹಾಕುತ್ತಾರೆ ಎಂದು ನಾನು ಅಂದುಕೊಂಡೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ನಾಲ್ಕನೆಯ ದಿನ ಅವರು ಎರಡನೆಯ ಕಪಾಟಿನ ಮುಂದೆ ನೆಲದ ಮೇಲೆ ಕುಳಿತು, ಪತ್ರಿಕೆಯ ಕಟ್ಟು ಸರಿಸಿ, ಕೆಳಗಿನ ಸಾಲಿನ ಹಲಗೆಯನ್ನು ಕೈಯಿಂದ ಸವರಿ ನೋಡಿದರು. ಅಲ್ಲಿ ದಡಿ ಪುಸ್ತಕ ವರ್ಷಗಟ್ಟಲೆ ಮಲಗಿದ್ದ ಜಾಗ ಉಳಿದ ಹಲಗೆಗಿಂತ ಬೆಳ್ಳಗಿತ್ತು. ಎದ್ದು ಬಂದು ಒಂದು ಕಾಗದ ಬರೆದರು. ಕಸ್ತೂರಿಯನ್ನು ಕರೆದು, ನಿಂತುಕೊಂಡೇ ಓದಿ ಹೇಳಿದರು.

"ಸಮಿತಿಯ ಅಧ್ಯಕ್ಷರಿಗೆ. ದಡಿ ಪುಸ್ತಕವು ಕಳುವಾಗಿರುವುದಿಲ್ಲ. ಅದು ನನ್ನ ಕೈಯಿಂದಲೇ ರದ್ದಿಗೆ ಹೋಗಿದೆ. ಕಸ್ತೂರಿ ಬಾರಕೇರ ಇವರ ಮೇಲೆ ನಾನು ವಿನಾಕಾರಣ ಸಂಶಯ ಪಟ್ಟಿದ್ದೇನೆ." ಓದಿ ಮುಗಿಸಿ ಕನ್ನಡಕದ ಮೇಲಿಂದ ನೋಡಿದರು. "ಸರಿ ಐತೇನವಾ? ಏನರ ಬಿಟ್ಟಿದ್ರ ಹೇಳು."

ಹತ್ತು ತಿಂಗಳಲ್ಲಿ ಅಳದ ಕಸ್ತೂರಿ ಅಂದು ಅತ್ತಳು. ನನಗೆ ಅಳಲು ಬರುವುದಿಲ್ಲ. ಬಂದಿದ್ದರೆ ಮೇಜೆಲ್ಲ ನೀಲಿಯಾಗುತ್ತಿತ್ತು.

ಇನ್ನೊಂದು ತಿಂಗಳಿಗೆ ಬೇರೊಬ್ಬರು ಪರೀಕ್ಷೆ ಮಾಡಿದರು. ಅವರು ನಗುವವರಲ್ಲ, ಒಂದು ಪ್ರಶ್ನೆಗೆ ಮೂರು ಅಡ್ಡ ಪ್ರಶ್ನೆ ಹಾಕುವವರು. ಕಸ್ತೂರಿ ಪಾಸಾದಳು, ನೌಕರಿ ಕಾಯಂ ಆಯಿತು. ಸಾಕ್ಷಿಯ ಹಾಳೆಗೆ ನೀಲಕಂಠಪ್ಪನವರು ಈ ಸಲ ತಮ್ಮ ಪೂರ್ತಿ ಹೆಸರು ಬರೆದರು. ಅದೇ ವಾರ ಮೈಸೂರಿನಿಂದ ಮೂರು ಸುತ್ತು ಬಟ್ಟೆ ಸುತ್ತಿದ ಪಾರ್ಸಲ್ಲು ಬಂತು. ಒಳಗೆ ದಡಿ ಪುಸ್ತಕ, ಜೊತೆಗೆ ಒಂದು ಚೀಟಿ: 'ತಡವಾಯಿತು, ಕ್ಷಮಿಸಿ.'

ಇದೆಲ್ಲ ಆಗಿ ಎರಡು ವರ್ಷ. ಈಗ ಪುಸ್ತಕಗಳಿಗೆ ಕಪ್ಪು ಗೆರೆಗಳ ಚೀಟಿ ಅಂಟಿಸುತ್ತಾರೆ, ಕೆಂಪು ಬೆಳಕಿನ ಯಂತ್ರ ಅದನ್ನು ಮುಟ್ಟಿ ಕುಂಯ್ ಎನ್ನುತ್ತದೆ. ನನ್ನ ರಬ್ಬರು ಕಲ್ಲಾಗಿದೆ, ಅಂಚು ಉದುರಿದೆ. ಕಸ್ತೂರಿ ನನ್ನನ್ನು ಎಸೆಯಲಿಲ್ಲ. ಮೇಜಿನ ಕಿಟಕಿಯ ಕಡೆಯ ಮೂಲೆಯಲ್ಲಿ ಇಟ್ಟಿದ್ದಾಳೆ. ಕೆಲಸವಿಲ್ಲದ ಮುದುಕ. ಮಾಡುವುದೊಂದೇ, ಬಾಗಿಲು ಕಾಯುವುದು.

ಹೋದ ತಿಂಗಳು ಗಂಗವ್ವ ಎಂಬ ಮುದುಕಿ ಬಂದಳು. ಕೈಮಗ್ಗದವಳು, ಕಣ್ಣು ಮಂಜು. ಮೊಮ್ಮಗಳ ಮದುವೆಯ ಸೀರೆಗೆ ತನ್ನ ಅವ್ವ ನೇಯುತ್ತಿದ್ದ ಒಂದು ದಡಿ ಬೇಕಾಗಿದೆ, ಅದು ಈ ಪುಸ್ತಕದಲ್ಲಿದೆ, ಆದರೆ ಇಲ್ಲಿ ಕುಳಿತು ನೆನಪಿಟ್ಟುಕೊಂಡು ಹೋಗಲು ತನ್ನಿಂದಾಗದು, ಮಗ್ಗದ ಪಕ್ಕ ಇಟ್ಟುಕೊಂಡೇ ನೇಯಬೇಕು ಎಂದಳು. ದಡಿ ಪುಸ್ತಕವನ್ನು ಹೊರಗೆ ಕೊಡುವ ರೂಢಿ ಎಂದೂ ಇರಲಿಲ್ಲ. ಕಸ್ತೂರಿ ಸ್ವಲ್ಪ ಹೊತ್ತು ಅವಳ ಕೈಗಳನ್ನು ನೋಡಿದಳು. ಆಮೇಲೆ ಎದ್ದು, ವಿಶೇಷ ಎರವಲು ಎಂದು ಹದಿನೈದು ದಿನಕ್ಕೆ ಬರೆದು, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟಳು.

ನಿವೃತ್ತರಾಗಿ ಈಗ ಓದುಗರಾಗಿ ಬರುವ ನೀಲಕಂಠಪ್ಪನವರು ಪತ್ರಿಕೆ ಕೆಳಗಿಟ್ಟರು.

"ಕಸ್ತೂರಿ, ಏನ್ ಮಾಡಿದ್ಯವಾ? ಇನ್ನೊಮ್ಮೆ ಹೋತಂದ್ರ ಈ ಸಲ ನಿನ್ನ ಹೆಸರ ಖರೇನ ಬರ್ತೈತಿ."

"ಬರ್ಲಿ ಬಿಡ್ರಿ ಸರ. ನನ್ನ ಹೆಸರಿಗೆ ಅಂಜಿ ಪುಸ್ತಕ ಕಪಾಟಿನ್ಯಾಗ ಕೂಡಿ ಹಾಕಿದ್ರ, ಆ ದಡಿ ನೇಯೋರು ಯಾರು?"

ಅವರು ಮತ್ತೆ ಪತ್ರಿಕೆ ಎತ್ತಿಕೊಂಡರು.

ಇವತ್ತು ಹದಿನೇಳನೆಯ ದಿನ. ಅವಧಿ ಮುಗಿದು ಎರಡು ದಿನವಾಯಿತು, ಗಂಗವ್ವನ ಸುಳಿವಿಲ್ಲ. ಬೆಳಿಗ್ಗೆಯಿಂದ ಬಾಗಿಲಲ್ಲಿ ಯಾರು ಕಂಡರೂ ನಾನು ಕತ್ತು ಚಾಚುತ್ತೇನೆ. ಮುದುಕಿ ಮಾರಿಕೊಂಡಳೋ, ಮೊಮ್ಮಗಳು ಕದ್ದಳೋ, ಪುಸ್ತಕ ಮತ್ತೆ ಮೈಸೂರು ಸೇರಿತೋ ಎಂದು ಲೆಕ್ಕ ಹಾಕುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು. ಕಸ್ತೂರಿ ಮಾತ್ರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಗಂಗವ್ವನ ಹೆಸರು ತೆಗೆದು, "ನೇಯ್ಗಿ ಇನ್ನ ಮುಗದಿಲ್ಲ ಕಾಣಸ್ತೈತಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಇನ್ನು ಹದಿನೈದು ದಿನ ಮುಂದೆ ಹಾಕಿದಳು. ಈ ಪುಸ್ತಕದಿಂದಲೇ ಕಳ್ಳಿ ಎನ್ನಿಸಿಕೊಂಡವಳು ಅವಳು. ಬೆಳಿಗ್ಗೆಯಿಂದ ಅವಳು ಒಮ್ಮೆಯೂ ಬಾಗಿಲ ಕಡೆ ನೋಡಿಲ್ಲ.